ಇಕಿಟೋಸ್‌ಗೆ ಹೊರಡುವ ಮುನ್ನ ನದಿ ನೋಡಿ

ಪೆರು ದೇಶದ ಅಮೆಜಾನ್ ಕಾಡಿನ ನಡುವೆ ಇರುವ ಇಕಿಟೋಸ್ ನಗರಕ್ಕೆ ಹೊರಗಿನಿಂದ ರಸ್ತೆಯಿಲ್ಲ. ಊರಿನಿಂದ ಹೊರಡುವ ಒಂದೇ ಹೆದ್ದಾರಿ ಸುಮಾರು 100 ಕಿ.ಮೀ. ಹೋಗಿ ನೌತಾ ಎಂಬ ಪಟ್ಟಣದಲ್ಲಿ ಮುಗಿಯುತ್ತದೆ. ತಲುಪಬೇಕೆಂದರೆ ರಾಜಧಾನಿ ಲಿಮಾದಿಂದ ಎರಡು ಗಂಟೆಯೊಳಗಿನ ವಿಮಾನ, ಇಲ್ಲವೇ ಯುರಿಮಾಗ್ವಾಸ್ ಅಥವಾ ಪುಕಾಲ್ಪಾದಿಂದ ಹಲವು ದಿನಗಳ ದೋಣಿ. ಇಲ್ಲಿಗೆ ಹೊರಟವರು ಮೊದಲು ಕೇಳುವುದು, ‘ಮಳೆಗಾಲ ಯಾವಾಗ ಮುಗಿಯುತ್ತದೆ?’ ಮಲೆನಾಡಿಗೆ ಒಪ್ಪುವ ಪ್ರಶ್ನೆ ಅದು, ಅಮೆಜಾನ್‌ಗಲ್ಲ. ಮಳೆ ಅಲ್ಲಿ ಹನ್ನೆರಡು ತಿಂಗಳೂ ಬೀಳುತ್ತದೆ. ಪ್ರವಾಸದ ಸ್ವರೂಪ ತೀರ್ಮಾನವಾಗುವುದು ನದಿಯ ಮಟ್ಟದಿಂದ.

ಮರಾನ್ಯೋನ್ ಮತ್ತು ಉಕಯಾಲಿ ನದಿಗಳು ನೌತಾದ ಹತ್ತಿರ ಸೇರಿ ಅಮೆಜಾನ್ ಆಗುತ್ತದೆ. ಎರಡಕ್ಕೂ ನೀರು ಬಹುಪಾಲು ಆಂಡೀಸ್ ಬೆಟ್ಟಗಳ ಕಡೆಯಿಂದ. ಹಾಗಾಗಿ ಇಕಿಟೋಸ್‌ನಲ್ಲಿ ಬಿಸಿಲು ಕಾಯುತ್ತಿದ್ದರೂ ನದಿ ಏರುತ್ತಿರಬಹುದು. ಸಾಮಾನ್ಯವಾಗಿ ಏಪ್ರಿಲ್–ಮೇನಲ್ಲಿ ನೀರು ತುಂಬಿರುತ್ತದೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತಳ ಹಿಡಿದಿರುತ್ತದೆ. ನಡುವಿನ ವ್ಯತ್ಯಾಸ ಹಲವು ಮೀಟರ್. ನೀರು ಏರಿದಾಗ ಕಾಡೇ ಕೆರೆಯಾಗಿ, ಚಿಕ್ಕ ದೋಣಿ ಮರಗಳ ನಡುವೆ ನುಗ್ಗುತ್ತದೆ. ಕೊಂಬೆಗಳು ತಲೆಗೆ ಹತ್ತಿರವಾಗುವುದರಿಂದ ಕೋತಿ, ಸ್ಲಾತ್ (ಮರದ ಮೇಲೇ ಬದುಕುವ ನಿಧಾನಗತಿಯ ಪ್ರಾಣಿ) ಸಲೀಸಾಗಿ ಕಾಣುತ್ತವೆ. ಆದರೆ ಕಾಲುದಾರಿಗಳು ಮುಳುಗಿರುತ್ತವೆ. ನೀರು ಇಳಿದಾಗ ನಡಿಗೆಗೆ ದಾರಿ, ಮರಳ ದಿಣ್ಣೆ, ಅಲ್ಲಿ ಹಕ್ಕಿ, ಕೇಮನ್ ಮೊಸಳೆ. ಜೊತೆಗೆ ದಡದಿಂದ ವಸತಿಗೆ ಕೆಸರಿನ ಕಡಿದಾದ ಏರು. ಸಣ್ಣ ತೊರೆ ಬತ್ತಿ ದೋಣಿ ಸಿಕ್ಕಿಬಿದ್ದರೆ ಸುತ್ತಿ ಬರಬೇಕು. ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರಿಗೆ ಮೇ ತಿಂಗಳೇ ಒಳ್ಳೆಯದು. ನಡೆಯುವ ಆಸೆಯಿದ್ದರೆ ಆಗಸ್ಟ್ ಇರಲಿ.

ಊರಿಗೆ ಹತ್ತಿರದ ಕಾಡಿನಲ್ಲಿ ಬೇಟೆಯ ಒತ್ತಡ ಹೆಚ್ಚು, ಪ್ರಾಣಿ ಕಡಿಮೆ. ಪಕಾಯಾ–ಸಮಿರಿಯಾ ಅಭಯಾರಣ್ಯದ ಕಡೆಗೆ ಹೋಗುವುದಾದರೆ ಕನಿಷ್ಠ ನಾಲ್ಕು ರಾತ್ರಿ ಇಡಿ. ಹೋಗುವ ಬರುವ ದಿನಗಳು ದೋಣಿಯಲ್ಲೇ ಕರಗುತ್ತವೆ. ಸ್ಲಾತ್ ಮರಿಯನ್ನು ಕೈಗೆ ಕೊಟ್ಟು ಫೋಟೊ ತೆಗೆಸುವ ತಾಣಗಳು ಪಟ್ಟಿಯಲ್ಲಿದ್ದರೆ ಹೊಡೆದುಹಾಕಿ. ಆ ಮರಿಗಳು ಕಾಡಿನಿಂದ ಹಿಡಿದು ತಂದವು.

ಯೋಜನೆ ಕೆಡುವುದು ಹೆಚ್ಚಾಗಿ ವಾಪಸಾತಿಯಲ್ಲಿ. ಮಂಜು, ಮಳೆಯಿಂದ ಇಕಿಟೋಸ್ ವಿಮಾನ ತಡವಾಗುತ್ತದೆ. ಲಿಮಾದಿಂದ ಮುಂದಿನ ಟಿಕೆಟ್ ಬೇರೆ ಬುಕಿಂಗ್‌ನದ್ದಾದರೆ, ತಪ್ಪಿದ ವಿಮಾನಕ್ಕೆ ಯಾರೂ ಹೊಣೆಯಲ್ಲ. ಲಿಮಾದಲ್ಲಿ ಒಂದು ರಾತ್ರಿ ಖಾಲಿ ಬಿಡಿ. ಅದರ ಖರ್ಚು ಹೊಸ ಟಿಕೆಟ್‌ಗಿಂತ ಬಹಳ ಕಡಿಮೆ.

ಭಾರತೀಯರಿಗೆ ಕಡೆಗಣಿಸಲೇಬಾರದ ಕಾಗದ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ. ಪೆರು ಕೇಳದಿದ್ದರೂ ಮರಳುವಾಗ ಭಾರತ ಕೇಳುತ್ತದೆ. ಪತ್ರವಿಲ್ಲದೆ ಬಂದಿಳಿದರೆ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇಡಬಹುದು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಪತ್ರಕ್ಕೆ ಮಾನ್ಯತೆ, ಆಮೇಲೆ ಜೀವನಪರ್ಯಂತ. ಸರ್ಕಾರ ಅನುಮೋದಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುವುದರಿಂದ ಒಂದೂವರೆ ತಿಂಗಳು ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಇದು ಜೀವಂತ ವೈರಾಣುವಿನ ಲಸಿಕೆ: 60 ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು.

ಮಲೇರಿಯಾಕ್ಕೆ ಲಸಿಕೆಯ ಭರವಸೆ ಬೇಡ, ಮಾತ್ರೆ ಬೇಕು. ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಕಾಡು ಬಿಟ್ಟ ಮೇಲೂ ನಾಲ್ಕು ವಾರ ದಿನಾ ನುಂಗಬೇಕು. ಮನೆಗೆ ಬಂದೆವಲ್ಲ ಎಂದು ನಿಲ್ಲಿಸುವವರೇ ಜಾಸ್ತಿ. ಯಕೃತ್ತಿನಲ್ಲಿ ಬೆಳೆಯುವ ಮಲೇರಿಯಾ ಪರಾವಲಂಬಿ ರಕ್ತಕ್ಕೆ ಇಳಿಯುವುದೇ ಆಮೇಲೆ. ಅದೇ ಮಾತ್ರೆಯಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಸನ್‌ಸ್ಕ್ರೀನ್ ಮೊದಲು, ಅದು ಒಣಗಿದ ಮೇಲೆ ಶೇ. 20–30 ಡೀಟ್ (DEET) ಎಂಬ ರಾಸಾಯನಿಕ ಇರುವ ಸೊಳ್ಳೆ ನಿವಾರಕ. ಡೀಟ್ ಕೈಯಲ್ಲಿ ಕನ್ನಡಕ, ವಾಚಿನ ಪ್ಲಾಸ್ಟಿಕ್ ಮುಟ್ಟಬೇಡಿ, ಕರಗುತ್ತದೆ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸೇರಿಸಿ. ಅದು ಬಾವಲಿಗೂ ತಡೆ: ಅಲ್ಲಿನ ರಕ್ತ ಹೀರುವ ಬಾವಲಿಗಳಿಂದ ರೇಬಿಸ್ ಹರಡಿದ್ದುಂಟು. ಮನೆಗೆ ಮರಳಿ ತಿಂಗಳುಗಳ ನಂತರ ಜ್ವರ ಬಂದರೂ ಪ್ರವಾಸದ ವಿಷಯ ವೈದ್ಯರಿಗೆ ಹೇಳಿ.

ನಮ್ಮ ಉಂಬಳದ ಕಾಟ ಅಲ್ಲಿಲ್ಲ. ಬದಲಿಗೆ ಇಸಾಂಗೊ ಎಂಬ ಕಣ್ಣಿಗೆ ಬೀಳದಷ್ಟು ಚಿಕ್ಕ ನುಸಿ, ಕಾಲುಚೀಲದ ಅಂಚು, ಸೊಂಟಪಟ್ಟಿ ಹೀಗೆ ಬಟ್ಟೆ ಬಿಗಿಯಾದ ಕಡೆ ಕಚ್ಚುತ್ತದೆ. ಹುಲ್ಲಿನ ಮೇಲೆ ಕೂರದಿರುವುದೇ ಮದ್ದು. ಗಮ್ ಬೂಟನ್ನು ವಸತಿಗಳೇ ಕೊಡುತ್ತವೆ, ಆದರೆ ಮೊಣಕಾಲ ಕೆಳಗಿನವರೆಗೆ ಬರುವ ಕಾಲುಚೀಲ ನಿಮ್ಮದೇ ಇರಲಿ, ಇಲ್ಲದಿದ್ದರೆ ಬೂಟಿನ ಬಾಯಿ ಮೀನಖಂಡವನ್ನು ಉಜ್ಜುತ್ತದೆ. ಜೀನ್ಸ್ ಬಿಡಿ, ಆ ತೇವದಲ್ಲಿ ಎರಡು ದಿನವಾದರೂ ಒಣಗದು. ನೀರುನಿರೋಧಕ ಚೀಲದ ಬಾಯನ್ನು ಮೂರು ಸುತ್ತು ಮಡಚಿಯೇ ಕೊಕ್ಕೆ ಹಾಕಿ.

ಸಸ್ಯಾಹಾರಿಗಳಿಗೆ: ವಸತಿಯ ಸಾಮಾನು ಇಕಿಟೋಸ್‌ನಿಂದ ದೋಣಿಯಲ್ಲಿ ಬರುವುದರಿಂದ ಬುಕಿಂಗ್ ವೇಳೆಯೇ ತಿಳಿಸಿ, ತಟ್ಟೆಯ ಮುಂದೆ ಕೂತಾಗ ಅಲ್ಲ. ಸ್ಪ್ಯಾನಿಷ್‌ನಲ್ಲಿ ‘ಸಿನ್ ಕಾರ್ನೆ’ (ಮಾಂಸ ಬೇಡ) ಎಂದಷ್ಟೇ ಹೇಳಿದರೆ ದನದ ಮಾಂಸ ಬೇಡವೆಂದು ತಿಳಿದು ಕೋಳಿ ಬಡಿಸಬಹುದು. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ’, ಅಂದರೆ ಮಾಂಸ, ಕೋಳಿ, ಮೀನು ಮೂರೂ ಬೇಡ ಎಂದು ಬರೆದುಕೊಡಿ. ಅನ್ನ, ಬೀನ್ಸ್ ಕಾಳು, ಬಾಳೆಕಾಯಿ, ಮರಗೆಣಸು ಧಾರಾಳ ಸಿಗುತ್ತವೆ. ಹಣ ಪೆರುವಿನ ಕರೆನ್ಸಿಯಾದ ಸೋಲ್‌ನಲ್ಲಿ, ಸಣ್ಣ ನೋಟುಗಳಾಗಿ, ಇಕಿಟೋಸ್ ಎಟಿಎಂನಿಂದಲೇ ತೆಗೆದಿಟ್ಟುಕೊಳ್ಳಿ. ಅಂಚು ಹರಿದ ಡಾಲರ್ ನೋಟನ್ನು ಪೆರುವಿನಲ್ಲಿ ಯಾರೂ ಮುಟ್ಟುವುದಿಲ್ಲ.