ಶರೀರಭಾವದ ಪಟ್ಟಿಯಲ್ಲಿ ಜಗಳಕ್ಕೇ ಹೆಚ್ಚು ಜಾಗ

ಪವಿತ್ರಾತ್ಮನನ್ನು ಅನುಸರಿಸಿ ನಡೆದರೆ ಶರೀರಭಾವದ, ಅಂದರೆ ದೇವರಿಗೆ ವಿರುದ್ಧವಾಗಿ ಎಳೆಯುವ ಮನುಷ್ಯ ಸ್ವಭಾವದ, ಆಸೆಗಳನ್ನು ನೆರವೇರಿಸುವುದಿಲ್ಲ ಎಂಬ ಗಲಾತ್ಯ 5:16ರ ಮಾತು ಉಜ್ಜೀವನ ಕೂಟಗಳಲ್ಲಿ, ಯುವಜನ ಶಿಬಿರಗಳಲ್ಲಿ, ಉಪವಾಸ ಪ್ರಾರ್ಥನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಬೋಧನೆ ಮುಂದುವರಿದಂತೆ ಉದಾಹರಣೆಗಳೆಲ್ಲ ಒಂದೇ ದಿಕ್ಕಿಗೆ ಹೋಗುತ್ತವೆ: ಕುಡಿತ, ಸಿಗರೇಟು, ಕಾಮ, ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವುದು. ಇವು ನಿಜವಾದ ಸಮಸ್ಯೆಗಳೇ. ಆದರೆ ಅದಕ್ಕೆ ಮುಂಚಿನ ವಚನ, 5:15, ಒಬ್ಬರನ್ನೊಬ್ಬರು ಕಚ್ಚಿ ನುಂಗುತ್ತಾ ಹೋದರೆ ಒಬ್ಬರಿಂದೊಬ್ಬರು ನಾಶವಾದೀರಿ ಎಂದು ಎಚ್ಚರಿಸುತ್ತದೆ. ಅಧ್ಯಾಯದ ಕೊನೆಯ ವಚನ, 5:26, ಒಬ್ಬರನ್ನೊಬ್ಬರು ಕೆಣಕುವ, ಒಬ್ಬರ ಮೇಲೊಬ್ಬರು ಮತ್ಸರಪಡುವ ಜಂಭಗಾರರಾಗಬೇಡಿ ಎನ್ನುತ್ತದೆ. ಶರೀರಭಾವದ ಕುರಿತ ಇಡೀ ಬೋಧನೆ ಈ ಎರಡು ಮಾತುಗಳ ನಡುವೆ ಇದೆ. ಇದನ್ನು ಬರೆದ ಅಪೊಸ್ತಲ ಪೌಲನ ಎದುರಿಗಿದ್ದದ್ದು ಜಗಳದಲ್ಲಿ ಬಿದ್ದ ಸಭೆಗಳು. ಆ ಜಗಳ ನಮ್ಮ ಓದಿನಿಂದ ಮರೆಯಾದದ್ದಕ್ಕೆ ಉದ್ದನೆಯ ಚರಿತ್ರೆಯೇ ಇದೆ.

ಗಲಾತ್ಯ ಎಂಬುದು ಇಂದಿನ ತುರ್ಕಿಯ ನಡುಭಾಗದಲ್ಲಿದ್ದ ರೋಮನ್ ಪ್ರಾಂತ. ಪೌಲ ಅಲ್ಲಿನ ಸಭೆಗಳಿಗೆ ಪತ್ರ ಬರೆದದ್ದು ಕ್ರಿ.ಶ. 50ರ ಆಸುಪಾಸಿನಲ್ಲಿ. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿದರೆ ಸಾಲದು, ಸುನ್ನತಿಯನ್ನೂ ಮಾಡಿಸಿಕೊಳ್ಳಬೇಕು ಎಂದು ಕೆಲವರು ಅಲ್ಲಿ ಬೋಧಿಸುತ್ತಿದ್ದರು. ಪೌಲ ಅದನ್ನು ಒಪ್ಪಲಿಲ್ಲ. ಹಾಗಾದರೆ ಮೋಶೆಯ ಧರ್ಮಶಾಸ್ತ್ರದ ಬೇಲಿ ಇಲ್ಲದೆ ಜನ ಹಾದಿ ತಪ್ಪದಂತೆ ಕಾಯುವವರು ಯಾರು? ಪವಿತ್ರಾತ್ಮನೇ ಎಂಬುದು ಅವನ ಉತ್ತರ. ಅದರ ಬೆನ್ನಿಗೇ ಶರೀರಭಾವದ ಕೆಲಸಗಳ ಪಟ್ಟಿ ಬರುತ್ತದೆ.

ಆ ಪಟ್ಟಿಯನ್ನು ಬೆರಳಿಟ್ಟು ಎಣಿಸಬೇಕು. ಹಳೆಯ ಗ್ರೀಕ್ ಪ್ರತಿಗಳಲ್ಲಿ 15 ಹೆಸರುಗಳಿವೆ. ಮೊದಲ ಮೂರು ಕಾಮಕ್ಕೆ ಸಂಬಂಧಿಸಿದವು. ಮುಂದಿನ ಎರಡು ವಿಗ್ರಹಾರಾಧನೆ ಮತ್ತು ಮಾಟ. ಕೊನೆಯ ಎರಡು ಕುಡಿತ ಮತ್ತು ಅದರೊಂದಿಗೆ ಬರುವ ದುಂದು. ನಡುವೆ ಉಳಿದ ಎಂಟೂ ಮನುಷ್ಯರ ನಡುವೆ ಹುಟ್ಟುವಂಥವು: ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಸ್ವಾರ್ಥದ ಪೈಪೋಟಿ, ಒಡಕು, ಗುಂಪುಗಾರಿಕೆ, ಮತ್ಸರ. ಅರ್ಧಕ್ಕಿಂತ ಹೆಚ್ಚು. ಇದಕ್ಕೆ ಎದುರಾಗಿ ಬರುವ ಆತ್ಮನ ಫಲದ ಒಂಬತ್ತು ಗುಣಗಳಲ್ಲೂ ಪ್ರೀತಿ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ಸಾಧುತ್ವ ಇವೆಲ್ಲ ಇನ್ನೊಬ್ಬ ಮನುಷ್ಯ ಎದುರಿಗಿದ್ದಾಗಲೇ ಕಾಣಿಸುವಂಥವು. ಕೊರಿಂಥದವರಿಗೂ ಪೌಲ ಇದನ್ನೇ ಹೇಳಿದ್ದ. ನಿಮ್ಮಲ್ಲಿ ಹೊಟ್ಟೆಕಿಚ್ಚು, ಜಗಳಗಳಿರುವಾಗ ನೀವು ಶರೀರಾಧೀನರಲ್ಲವೇ ಎಂದು 1 ಕೊರಿಂಥ 3:3ರಲ್ಲಿ ಕೇಳುತ್ತಾನೆ. ಅಲ್ಲಿ ಅವನು ಗದರಿದ್ದು, ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಪಂಗಡ ಕಟ್ಟಿದವರನ್ನು.

ಈ ಬೋಧನೆ ಪೌಲನೊಬ್ಬನ ಕಲ್ಪನೆಯೂ ಅಲ್ಲ. 1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಯೆಹೂದಿ ಸುರುಳಿಗಳಲ್ಲಿ ಒಂದು ಸಮುದಾಯದ ನಿಯಮಾವಳಿಯೂ ಇತ್ತು. ಸತ್ಯದ ಆತ್ಮ, ಮೋಸದ ಆತ್ಮ ಎಂಬ ಎರಡು ಆತ್ಮಗಳನ್ನು ಅದು ವಿವರಿಸಿ ಒಂದೊಂದರ ಗುಣಗಳನ್ನೂ ಪಟ್ಟಿ ಮಾಡುತ್ತದೆ. ದೀನತೆ, ತಾಳ್ಮೆ ಒಂದು ಕಡೆ. ಗರ್ವ, ಮುಂಗೋಪ ಇನ್ನೊಂದು ಕಡೆ. ದೇಹ ಕೆಟ್ಟದ್ದು, ಆತ್ಮ ಮಾತ್ರ ಒಳ್ಳೆಯದು ಎಂಬ ಯೋಚನೆ ಅಲ್ಲಿ ಇಲ್ಲ. ಅದು ಬಂದದ್ದು ಬೇರೆ ಕಡೆಯಿಂದ.

ಎರಡನೆಯ ಶತಮಾನದಿಂದಲೇ ಮದುವೆ, ಮಾಂಸ, ದ್ರಾಕ್ಷಾರಸ ಮೂರನ್ನೂ ನಿಷೇಧಿಸಿದ ಕ್ರೈಸ್ತ ಪಂಥಗಳು ತಲೆಯೆತ್ತಿದವು. ಮೂರನೆಯ ಶತಮಾನದಲ್ಲಿ ಪರ್ಷಿಯಾದ ಮಾನಿ ಎಂಬವನು, ಬೆಳಕಿನ ಕಣಗಳು ಜಡವಸ್ತುವಿನಲ್ಲಿ ಸೆರೆಸಿಕ್ಕಿವೆ ಎಂದು ಬೋಧಿಸಿದ. ಸಭೆ ಈ ಬೋಧನೆಗಳನ್ನು ತಳ್ಳಿಹಾಕಿತು, ಆದರೆ ದೇಹವನ್ನೇ ಶತ್ರುವೆಂದು ಕಾಣುವ ಅಭ್ಯಾಸ ಉಳಿಯಿತು. ಐದನೆಯ ಶತಮಾನದ ಸಿರಿಯಾದಲ್ಲಿ ಸಿಮಿಯೋನ್ ಎಂಬ ಸನ್ಯಾಸಿ ಕಂಬದ ಮೇಲೆ ಸುಮಾರು 36 ವರ್ಷ ಕಳೆದರು. ಭಕ್ತಿಯ ಶಕ್ತಿ ಅದರಲ್ಲಿ ಇದ್ದದ್ದು ನಿಜ. ಆದರೂ ಮುಟ್ಟಬೇಡ, ರುಚಿ ನೋಡಬೇಡ ಎಂಬ ನಿಯಮಗಳು ಶರೀರಭಾವವನ್ನು ಅಡಗಿಸಲು ಉಪಯೋಗಕ್ಕೆ ಬರುವುದಿಲ್ಲ ಎಂದು ಕೊಲೊಸ್ಸೆ 2:21-23 ಆಗಲೇ ಹೇಳಿತ್ತು.

ಮರುಭೂಮಿಯ ಸನ್ಯಾಸಿಗಳೆಲ್ಲ ಹಾಗೆ ಯೋಚಿಸಿದವರಲ್ಲ. ಅವರಲ್ಲಿ ನಮಗೆ ಅತ್ಯಂತ ಉಪಯೋಗಕ್ಕೆ ಬರುವವರು, ಈಜಿಪ್ಟಿನಲ್ಲಿ 399ರಲ್ಲಿ ತೀರಿಕೊಂಡ ಎವಾಗ್ರಿಯಸ್. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಸಿಟ್ಟು, ಬೇಸರ, ಹೊಗಳಿಕೆಯ ಆಸೆ, ಗರ್ವ ಎಂದು ಅವರು ಎಂಟು ಕೆಟ್ಟ ಯೋಚನೆಗಳನ್ನು ಗುರುತಿಸಿದರು. ಮುಂದೆ ಪೋಪ್ ಗ್ರೆಗರಿಯ ಕಾಲಕ್ಕೆ ಇದೇ ಏಳು ಮೂಲಪಾಪಗಳ ಪಟ್ಟಿಯಾಯಿತು. ಎವಾಗ್ರಿಯಸ್ ವಿಧಾನ ಹೀಗಿತ್ತು: ಯಾವ ಯೋಚನೆ ಯಾವ ಹೊತ್ತಿನಲ್ಲಿ ಬರುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಮನಿಸು, ಆಮೇಲೆ ಅದಕ್ಕೆ ಸರಿಹೊಂದುವ ಸತ್ಯವೇದದ ವಚನದಿಂದ ಉತ್ತರ ಕೊಡು. ಅದಕ್ಕಾಗಿ ಐನೂರರ ಹತ್ತಿರ ವಚನಗಳನ್ನು ಎಂಟು ವಿಭಾಗಗಳಲ್ಲಿ ಜೋಡಿಸಿಟ್ಟರು. ಸಿಟ್ಟಿನ ಬಗ್ಗೆ ಅವರದು ಸೂಕ್ಷ್ಮವಾದ ಮಾತು. ಪ್ರಾರ್ಥನೆಗೆ ಕುಳಿತಾಗಲೇ ಅದು ಮನಸ್ಸನ್ನು ಹಿಡಿದು, ನೋಯಿಸಿದವನ ಮುಖವನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ ಎನ್ನುತ್ತಾರೆ. ಪ್ರಾರ್ಥನೆಗೆ ಕೂತು ಅಭ್ಯಾಸವಿರುವ ಯಾರಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ.

ಪಶ್ಚಿಮದಲ್ಲಿ ದಿಕ್ಕು ಬದಲಿಸಿದವರು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್. ಒಂಬತ್ತು ವರ್ಷ ಮಾನಿಯ ಪಂಥದಲ್ಲಿದ್ದ ಅವರು 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ರೋಮಾ 13:13-14 ಓದಿ ಕ್ರಿಸ್ತನ ಕಡೆಗೆ ತಿರುಗಿದರು. ಆ ವಚನದಲ್ಲಿ ಕುಡಿತ, ಕಾಮಗಳ ಜೊತೆಗೆ ಜಗಳ, ಹೊಟ್ಟೆಕಿಚ್ಚುಗಳೂ ಇವೆ. ಅವರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಕಾಮದ ಜೊತೆಗಿನ ಹೋರಾಟ ಮಾತ್ರ. ಆದರೆ 'ದೇವರ ನಗರ'ದ ಹದಿನಾಲ್ಕನೆಯ ಭಾಗದಲ್ಲಿ ಅವರು ಗಲಾತ್ಯದ ಪಟ್ಟಿಯನ್ನೇ ಮುಂದಿಟ್ಟು, ಪಾಪದ ಮೂಲ ದೇಹವಲ್ಲ ಎಂದು ವಾದಿಸುತ್ತಾರೆ. ಸೈತಾನನಿಗೆ ದೇಹವಿಲ್ಲ, ಅವನು ಕುಡಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ. ಆದರೂ ಗರ್ವದಲ್ಲಿ, ಮತ್ಸರದಲ್ಲಿ ಅವನನ್ನು ಮೀರಿಸಿದವರಿಲ್ಲ. ಇಷ್ಟು ನೇರವಾದ ವಾದ ಇನ್ನೊಂದಿಲ್ಲ ಎಂದೇ ನಮ್ಮ ಅನಿಸಿಕೆ.

ಇನ್ನೊಂದು ಪ್ರಶ್ನೆಯಲ್ಲಿ ಅಗಸ್ಟೀನ್ ಅಭಿಪ್ರಾಯ ಬದಲಿಸಿದರು. ರೋಮಾ 7ರಲ್ಲಿ, ಮೆಚ್ಚುವ ಒಳ್ಳೆಯದನ್ನು ಮಾಡದೆ ಮೆಚ್ಚದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಗೋಳಾಡುವ 'ನಾನು' ಯಾರು? ಮೊದಲು ಅವರು, ಇನ್ನೂ ಕೃಪೆಯನ್ನು ಕಾಣದವನ ಮಾತು ಇದು ಎಂದುಕೊಂಡಿದ್ದರು. ಮನುಷ್ಯ ತನ್ನ ಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲ ಎಂದ ಪೆಲಾಜಿಯಸ್ ಜೊತೆಗಿನ ವಾದದ ಕಾಲದಲ್ಲಿ, ಇದು ವಿಶ್ವಾಸಿಯ ಮಾತೂ ಆಗಬಹುದು ಎಂಬ ನಿಲುವಿಗೆ ಬಂದರು. ಹದಿನಾರನೆಯ ಶತಮಾನದ ಜರ್ಮನ್ ಸುಧಾರಕ ಲೂಥರ್ ಅದನ್ನೇ ಇನ್ನೂ ಗಟ್ಟಿಯಾಗಿ ಹಿಡಿದು, ವಿಶ್ವಾಸಿ ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು ಎಂದರು. ಪವಿತ್ರಾತ್ಮ ನನ್ನನ್ನು ಬಿಟ್ಟುಹೋದನೇನೋ ಎಂದು ಹೆದರಿದವರಿಗೆ ಈ ಬೋಧನೆ ದೊಡ್ಡ ಆಸರೆಯಾಯಿತು. ಅದನ್ನೇ ನೆಪ ಮಾಡಿಕೊಂಡು, ನಾವೆಲ್ಲ ಪಾಪಿಗಳೇ ತಾನೇ ಎಂದು ಬದಲಾಗದೆ ಕುಳಿತವರೂ ಇದ್ದರು. ಇಂದಿನ ವಿದ್ವಾಂಸರಲ್ಲಿ ಅನೇಕರು ಅಗಸ್ಟೀನರ ಮೊದಲ ಓದಿನ ಕಡೆಗೇ ವಾಲುತ್ತಾರೆ. ವಾದ ಯಾವ ಕಡೆ ನಿಂತರೂ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. 7ನೆಯ ಅಧ್ಯಾಯದ ಆ ಗೋಳಿನ ತುಂಬ 'ನಾನು, ನಾನು' ಎಂದಿದೆ, ಪವಿತ್ರಾತ್ಮನ ಸುದ್ದಿಯೇ ಇಲ್ಲ. 8ನೆಯ ಅಧ್ಯಾಯದಲ್ಲಿ ಆತ್ಮನ ಮಾತು ಸುಮಾರು ಇಪ್ಪತ್ತು ಸಲ ಬರುತ್ತದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಇದಕ್ಕೊಂದು ವ್ಯವಸ್ಥೆ ಕಟ್ಟಿದರು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುವಾಗ ಅವರಿಗೆ ಹೃದಯ ಬೆಚ್ಚಗಾದ ಅನುಭವವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚಿಕ್ಕ ಗುಂಪುಗಳಿಗೆ ನಿಯಮ ಬರೆದರು. ವಾರಕ್ಕೊಮ್ಮೆ ಸೇರಿ ಪ್ರತಿಯೊಬ್ಬರಿಗೂ ಕೇಳಬೇಕಾದ ಪ್ರಶ್ನೆಗಳು ಅದರಲ್ಲಿದ್ದವು: ಕಳೆದ ಸಲ ಸೇರಿದ ಮೇಲೆ ತಿಳಿದೂ ತಿಳಿದೂ ಮಾಡಿದ ಪಾಪ ಯಾವುದು? ಎಂಥ ಶೋಧನೆ ಬಂತು? ಅದರಿಂದ ಹೇಗೆ ಪಾರಾದಿ? ಪಾಪವೋ ಅಲ್ಲವೋ ಎಂಬ ಅನುಮಾನ ಉಳಿದ ಯೋಚನೆ, ಮಾತು, ಕೆಲಸ ಏನಾದರೂ ಇದೆಯೇ? 1742ರಲ್ಲಿ ಬ್ರಿಸ್ಟಲಿನ ಪ್ರಾರ್ಥನಾಲಯದ ಸಾಲ ತೀರಿಸಲು ಜನರನ್ನು ಹನ್ನೆರಡು ಹನ್ನೆರಡಾಗಿ ವಿಂಗಡಿಸಿ, ವಾರಕ್ಕೊಂದು ಪೆನ್ನಿ ವಸೂಲು ಮಾಡಲು ಒಬ್ಬೊಬ್ಬ ಮುಖಂಡನನ್ನು ನೇಮಿಸಲಾಯಿತು. ಹಣಕ್ಕೆಂದು ಮನೆಮನೆಗೆ ಹೋದವರ ಕಣ್ಣಿಗೆ ಜಗಳವಾಡುವ ಗಂಡಹೆಂಡಿರೂ ಕುಡುಕರೂ ಬಿದ್ದರು. ಹಣ ಎತ್ತುವ ಏರ್ಪಾಡು ಆತ್ಮಗಳನ್ನು ನೋಡಿಕೊಳ್ಳುವ ಏರ್ಪಾಡಾಯಿತು. ವೆಸ್ಲಿ ಬೋಧಿಸಿದ ಪರಿಪೂರ್ಣತೆಯೂ ಅಜ್ಞಾನ, ತಪ್ಪುಗ್ರಹಿಕೆ, ಬಲಹೀನತೆಗಳಿಂದ ಬಿಡುಗಡೆ ಎಂದಲ್ಲ, ಪ್ರೀತಿಯಲ್ಲಿ ಪೂರ್ಣರಾಗುವುದು.

ನಂತರದ ಶತಮಾನದಲ್ಲಿ ಒತ್ತು ಈ ವಾರವಾರದ ಕೆಲಸದಿಂದ ಒಂದೇ ಗಳಿಗೆಯ ಅನುಭವದ ಕಡೆಗೆ ಸರಿಯಿತು. ನಂಬಿದ ಮೇಲೆ ಒಂದೇ ಗಳಿಗೆಯಲ್ಲಿ ಸಿಗುವ ಪರಿಶುದ್ಧತೆಯನ್ನು ಅಮೆರಿಕದ ಪರಿಶುದ್ಧತಾ ಚಳವಳಿ 'ಎರಡನೆಯ ಆಶೀರ್ವಾದ' ಎಂದಿತು. 1875ರಲ್ಲಿ ಇಂಗ್ಲೆಂಡಿನ ಕೆಸ್ವಿಕ್‌ನಲ್ಲಿ ಶುರುವಾದ ಸಮ್ಮೇಳನಗಳು, ಹೋರಾಟ ಬಿಟ್ಟು ಸಂಪೂರ್ಣ ಒಪ್ಪಿಸಿಕೊಡಿ ಎಂದವು. ಹೋರಾಟವಿಲ್ಲದ ಪರಿಶುದ್ಧತೆ ಹೊಸ ಒಡಂಬಡಿಕೆಯಲ್ಲಿ ಎಲ್ಲಿದೆ ಎಂದು ಬಿಷಪ್ ರೈಲ್ ಎದುರು ವಾದಿಸಿದರು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಅವರ ಮಹಾರಾಷ್ಟ್ರದ ಕೇಡಗಾಂವ್‌ನ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ಉಜ್ಜೀವನವಾಯಿತು. ಮರುವರ್ಷ ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಕೂಟಗಳಿಂದ ಪೆಂಟೆಕೋಸ್ಟಲ್ ಚಳವಳಿ ಜಗತ್ತಿಗೆ ಹಬ್ಬಿತು. ಕಣ್ಣೀರಿಟ್ಟು ಪಾಪ ಒಪ್ಪಿಕೊಂಡ, ಬದುಕೇ ಬದಲಾದ ಎಷ್ಟೋ ಜನ ಅಲ್ಲಿದ್ದರು. ಆ ಅನುಭವಗಳನ್ನು ಕೀಳಾಗಿ ಕಾಣಲು ಕಾರಣವಿಲ್ಲ. ಅನುಭವವೇ ಕೊನೆಯ ಮೆಟ್ಟಿಲು ಎಂದುಕೊಂಡಾಗ ಮಾತ್ರ ತೊಡಕು.

ಕರಾವಳಿಗೆ ಈ ಬೋಧನೆ ಮುಟ್ಟಿದ್ದು ಇನ್ನೊಂದು ದಾರಿಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಜರ್ಮನಿಯ ಭಕ್ತಿಪಂಥದ ಕಟ್ಟುನಿಟ್ಟಿನಲ್ಲಿ ಬೆಳೆದ ಸಂಸ್ಥೆ. ಅದರ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಶೇಂದಿ ಇಳಿಸುವ ಕಸುಬನ್ನು ಬಿಟ್ಟವರ ಹೊಟ್ಟೆಪಾಡೇನು ಎಂಬ ಪ್ರಶ್ನೆ ಎದ್ದಾಗ ಮಿಷನ್ ನೇಯ್ಗೆ ಕಲಿಸಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಒಂದು ಚಟವನ್ನೋ ಕಸುಬನ್ನೋ ಬಿಡು ಎನ್ನುವ ಸಭೆ ಮುಂದಿನ ಅನ್ನಕ್ಕೂ ಹೊಣೆಯಾಗಬೇಕು ಎಂಬ ಅರಿವು ಅಲ್ಲಿತ್ತು. ಇಂದು ಅದು ಅಪರೂಪ.

ಇಷ್ಟೆಲ್ಲ ಚರಿತ್ರೆಯ ಮೇಲೆ ಇವತ್ತು ಕೆಲಸ ಕೆಡುವುದು ಎಲ್ಲಿ? ಮೊದಲನೆಯದು ಉಪವಾಸ. ಹಸಿವಾದಾಗ ಸಿಟ್ಟು ಏರುತ್ತದೆ. ಜಗಳಕ್ಕೂ ಗುದ್ದಾಟಕ್ಕೂ ಉಪವಾಸ ಮಾಡುತ್ತೀರಿ ಎಂದು ಯೆಶಾಯ 58:4 ಗದರಿದೆ. ಉಪವಾಸದ ದಿನ ಮನೆಯವರೊಂದಿಗೆ ಹೇಗೆ ಮಾತಾಡಿದೆವು ಎಂಬುದನ್ನೂ ಪ್ರಾರ್ಥನೆಯ ವಿಷಯ ಮಾಡಿಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಕುಡಿತದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಕೂಟದಲ್ಲಿ ತೀರ್ಮಾನಿಸಿ ಒಂದೇ ಏಟಿಗೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಪ್ರಾರ್ಥನೆಯ ಜೊತೆಗೆ ಆಸ್ಪತ್ರೆಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಎರಡನೆಯದು ಸಾಕ್ಷಿ ಹೇಳುವ ಹೊತ್ತು. ಜಯದ ಸಾಕ್ಷಿಗೆ ಮಾತ್ರ ಅಲ್ಲಿ ಜಾಗವಿದ್ದರೆ, ಮತ್ತೆ ಬಿದ್ದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಚ್ಚಿಟ್ಟದ್ದು ಬೆಳೆಯುತ್ತದೆ. ಅದಕ್ಕೆ ವೆಸ್ಲಿಯವರ ಮಾದರಿಯಲ್ಲಿ ಮೂರೋ ನಾಲ್ಕೋ ಜನ, ಗಂಡಸರು ಗಂಡಸರೊಂದಿಗೆ, ಹೆಂಗಸರು ಹೆಂಗಸರೊಂದಿಗೆ, ವಾರಕ್ಕೊಂದು ಗಂಟೆ ಕೂತರೆ ಸಾಕು. ಗಲಾತ್ಯದ ಆ ಎಂಟನ್ನು ಮೊದಲು ಓದಿ, ಈ ವಾರ ಯಾರ ಮೇಲೆ ಯಾವುದು ಎಂದು ಹೆಸರು ಹಿಡಿದು ಹೇಳಿ, ನಂತರ ಉಳಿದದ್ದಕ್ಕೆ ಬರಬೇಕು. ಅಲ್ಲಿನ ಮಾತು ಹೊರಗೆ ಹೋಗಕೂಡದು. ಮಕ್ಕಳ ಮೇಲಿನ ದೌರ್ಜನ್ಯ, ಮನೆಯೊಳಗಿನ ಹೊಡೆತ ಮಾತ್ರ ಈ ನಿಯಮಕ್ಕೆ ಹೊರತು. ಅಂಥದ್ದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ತಿಳಿಸಲೇಬೇಕು, ಗುಟ್ಟಿನ ಹೆಸರಿನಲ್ಲಿ ಮುಚ್ಚುವಂತಿಲ್ಲ.

ಮೂರನೆಯದು ತಿದ್ದುವ ಕ್ರಮ. ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಆತ್ಮನಿಂದ ನಡೆಯುವವರು ಶಾಂತಭಾವದಿಂದ ಅವರನ್ನು ಸರಿಪಡಿಸಬೇಕು, ತಾವೂ ಬೀಳದಂತೆ ನೋಡಿಕೊಳ್ಳಬೇಕು ಎಂದು ಗಲಾತ್ಯ 6:1 ಹೇಳುತ್ತದೆ. ಒಬ್ಬ ಸಹೋದರ ನಿನಗೆ ತಪ್ಪು ಮಾಡಿದರೆ ಮೊದಲು ಇಬ್ಬರೇ ಇರುವಾಗ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು ಎಂದು ಯೇಸು ಮತ್ತಾಯ 18:15-17ರಲ್ಲಿ ಮೆಟ್ಟಿಲುಗಳನ್ನೂ ಹಾಕಿಕೊಟ್ಟಿದ್ದಾರೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಸುದ್ದಿ ಮೊದಲು ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ, ಆಮೇಲೆ ಪ್ರಸಂಗದಲ್ಲಿ ಹೆಸರಿಲ್ಲದ ಚುಚ್ಚುಮಾತಾಗುತ್ತದೆ, ತಪ್ಪು ಮಾಡಿದವರ ಕಿವಿಗೆ ಎಲ್ಲರಿಗಿಂತ ಕೊನೆಗೆ ಬೀಳುತ್ತದೆ. ಆ ಹೊತ್ತಿಗೆ ಸಭೆಯಲ್ಲಿ ಎರಡು ಪಕ್ಷಗಳಾಗಿರುತ್ತವೆ.