ಮೈಸೂರಿನ ರೆಸಿಡೆನ್ಸಿ: ಕಂಬವಿಲ್ಲದ ಹಾಲ್ ಎಲ್ಲಿಂದ ಬಂತು?

ಮೈಸೂರಿನ ಸರ್ಕಾರಿ ಅತಿಥಿಗೃಹದ ಹೆಸರು ಕೇಳದವರು ಕಡಿಮೆ. ಅದನ್ನು ಯಾರಿಗಾಗಿ ಕಟ್ಟಿದರು ಅನ್ನೋದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಪುಟ್ಟ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಆಡಳಿತಕ್ಕೆ ದಿವಾನ್ ಪೂರ್ಣಯ್ಯ. ಇಬ್ಬರ ಮೇಲೂ ಒಂದು ಕಣ್ಣಿಡಲು ರೆಸಿಡೆಂಟ್, ಅಂದರೆ ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ. ಆ ಅಧಿಕಾರಿಗಾಗಿ, ಮೇಜರ್ ವಿಲ್ಕ್ಸ್ ಆ ಕೆಲಸದಲ್ಲಿದ್ದ ಕಾಲದಲ್ಲಿ, 1805ರಲ್ಲಿ ಎದ್ದ ಬಂಗಲೆ ಇದು. ರೆಸಿಡೆನ್ಸಿ ಅನ್ನೋ ಹೆಸರು ಅದಕ್ಕೇ. ಡೋರಿಕ್ ಶೈಲಿ. ಅಂದರೆ ದಪ್ಪ ದುಂಡು ಕಂಬಗಳು, ಅವುಗಳ ತಲೆಯಲ್ಲಿ ಹೂಬಳ್ಳಿ ಕೆತ್ತನೆ ಏನೂ ಇಲ್ಲ. ಹೊಯ್ಸಳರ ಗುಡಿ ನೋಡಿ ಬೆಳೆದ ಕಣ್ಣಿಗೆ ತುಸು ಬೋಳು ಅನ್ನಿಸುತ್ತೆ, ಅಲ್ವಾ?

ಸ್ವಾರಸ್ಯ ಇರೋದು ಹಿಂಭಾಗದಲ್ಲಿ. ರೆಸಿಡೆಂಟ್ ಆಗಿದ್ದ ಜಾನ್ ಮಾಲ್ಕಂ ಆಮೇಲೆ ಅಲ್ಲೊಂದು ದೊಡ್ಡ ಹಾಲ್ ಸೇರಿಸಿದ. ನಡುವೆ ಒಂದು ಕಂಬವೂ ಇಲ್ಲ. ಕಾಂಕ್ರೀಟ್ ಬರುವುದಕ್ಕೆ ಎಷ್ಟೋ ಮೊದಲಿನ ಮಾತಿದು. ಮರದ ತೊಲೆ ಎಷ್ಟು ಉದ್ದ ಸಿಗುತ್ತೋ ಕೋಣೆಯೂ ಅಷ್ಟೇ ಅಗಲ. ಜಾಸ್ತಿ ಬೇಕಾದರೆ ಕಂಬ ನಿಲ್ಲಿಸಲೇಬೇಕು.

ಕಟ್ಟಿದವನು ಮದ್ರಾಸ್ ಸೈನ್ಯದ ಎಂಜಿನಿಯರ್ ಡಿ ಹ್ಯಾವಿಲೆಂಡ್. ಕಾವೇರಿಗೆ ಅಗಲವಾದ ಇಟ್ಟಿಗೆ ಕಮಾನುಗಳ ಸೇತುವೆ ಕಟ್ಟಬೇಕು ಅನ್ನೋದು ಈತನ ಹುಚ್ಚು. ಅಷ್ಟು ಚಪ್ಪಟೆ ಕಮಾನು ನಿಲ್ಲುತ್ತಾ ಅಂತ ಮೇಲಿನವರಿಗೆ ಅನುಮಾನ. ಕಟ್ಟೇ ತೋರಿಸ್ತೀನಿ ಅಂತ ಶ್ರೀರಂಗಪಟ್ಟಣದಲ್ಲಿ ಒಂದು ಕಮಾನು ಎಬ್ಬಿಸಿದ. ಈ ತುದಿಯಿಂದ ಆ ತುದಿಗೆ 112 ಅಡಿ, ಎತ್ತರ ಬರೀ 11 ಅಡಿ! ಸೇತುವೆ ಆಗಲೇ ಇಲ್ಲ. ಕಮಾನು ಮಾತ್ರ ನೂರಿಪ್ಪತ್ತು ವರ್ಷಕ್ಕೂ ಮೇಲೆ ನಿಂತು 1937ರಲ್ಲಿ ಕುಸಿಯಿತು. ಮೈಸೂರಿನ ಹಾಲ್ ಕೂಡ ಅದೇ ಹಟದಿಂದ ಹುಟ್ಟಿದ್ದು.

ಇತ್ತ ಪೂರ್ಣಯ್ಯ 1804ರಲ್ಲೇ ಅದೇ ಹೊಳೆಗೆ ಸೇತುವೆ ಕಟ್ಟಿಸಿ ಮುಗಿಸಿದ್ದ. ಕಮಾನಿನ ಗೊಡವೆಯೇ ಇಲ್ಲ. ಸಾಲು ಸಾಲು ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ, ಗುಡಿ ಮಂಟಪ ಕಟ್ಟುವ ನಮ್ಮವರ ಹಳೇ ವಿದ್ಯೆ. ಹೆಸರಿಟ್ಟಿದ್ದು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಅದು ಈಗಲೂ ಇದೆ. ಹೊಳೆಯ ಮಟ್ಟಿಗೆ ಕಂಬವೇ ಗೆದ್ದಿತು ಅಂತ ನನ್ನ ಲೆಕ್ಕ.

1843ರಲ್ಲಿ ಮೈಸೂರಿನ ರೆಸಿಡೆಂಟ್ ಹುದ್ದೆ ರದ್ದಾಯಿತು. ಬಂಗಲೆ ಮುಂದೆ ದೊಡ್ಡವರ ತಂಗುದಾಣವಾಯಿತು. ಇವತ್ತಿಗೂ ಅಷ್ಟೇ, ಸುಮ್ನೆ ಹೋಗಿ ಒಳಗೆ ಇಣುಕುವ ಜಾಗವಲ್ಲ. ಆ ಕಾಲದ ಗೋಡೆಗಳ ನಡುವೆ ಓಡಾಡಬೇಕು ಅನ್ನುವವರಿಗೆ ಹತ್ತಿರದಲ್ಲೇ ವೆಲ್ಲಿಂಗ್ಟನ್ ಲಾಡ್ಜ್ ಇದೆ. ಆ ಗವರ್ನರ್ ಜನರಲ್‌ನ ತಮ್ಮ, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ತನಗಾಗಿ ಕಟ್ಟಿಸಿಕೊಂಡ ಆ ಮನೆಯಲ್ಲಿ ಈಗ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಶಾಖೆ ನಡೆಯುತ್ತಿದೆ.