ಅರಾಮಿಕ್‌ನಲ್ಲಿ ‘ಪ್ರೀತಿ’: ರ‍ಹ್ಮ್ ಮತ್ತು ಹುಬ್ಬಾ

ಹಚ್ಚೆ ಹಾಕಿಸಿಕೊಳ್ಳುವವರಲ್ಲಿ ಕೆಲವರಿಗೆ ಪ್ರಾಚೀನ ಅರಾಮಿಕ್ ಮೇಲೆ ವಿಪರೀತ ಮೋಹ. ಯೇಸು ಆಡಿದ ಭಾಷೆಯೆಂಬ ಹಿರಿಮೆ, ನೋಡಲು ಚೆಂದದ ಲಿಪಿ, ಇನ್ನೇನು ಬೇಕು? ‘ಪ್ರೀತಿ’ಗೆ ಅರಾಮಿಕ್‌ನಲ್ಲಿ ಏನೆನ್ನುತ್ತಾರೆ ಎಂದು ಅವರು ಕೇಳಿದರೆ, ಯಾವ ಕಾಲದ ಅರಾಮಿಕ್ ಎಂದು ಮರುಪ್ರಶ್ನೆ ಹಾಕಲೇಬೇಕಾಗುತ್ತದೆ.

ಕ್ರಿ.ಪೂ. 5ನೇ ಶತಮಾನದಲ್ಲಿ ಅದು ಪರ್ಷಿಯಾದ ಅಕೀಮೆನಿಡ್ ಸಾಮ್ರಾಜ್ಯದ ಆಡಳಿತ ಭಾಷೆ. ಈಜಿಪ್ಟಿನ ಅಸ್ವಾನ್ ಬಳಿಯ ಎಲೆಫಂಟೈನ್ ದ್ವೀಪದಲ್ಲಿ ನೆಲೆಸಿದ್ದ ಯಹೂದಿಗಳ ಪಪೈರಸ್ ಪತ್ರಗಳು ಆ ಕಾಲದವು. ಅಲ್ಲಿ ತಂದೆಯೊಬ್ಬ ಮಗಳಿಗೆ ಮನೆಯ ಪಾಲು ಬರೆದುಕೊಡುವಾಗ ‘ಒಲವಿನಿಂದ ಕೊಟ್ಟೆ’ ಎನ್ನಲು ರ-ಹ-ಮ ಧಾತುವಿನ ಪದ ಬಳಸುತ್ತಾನೆ. ಒಲವು ಅಲ್ಲಿ ದಾನಪತ್ರದ ಭಾಷೆಯೂ ಹೌದು.

ಕ್ರಿಸ್ತಶಕದಲ್ಲಿ ಎಡೆಸ್ಸಾದಲ್ಲಿ, ಅಂದರೆ ಇಂದಿನ ಟರ್ಕಿಯ ಉರ್ಫಾದಲ್ಲಿ, ಬೆಳೆದ ಸಿರಿಯಾಕ್ ಕೂಡ ಅರಾಮಿಕ್ಕಿನದೇ ಒಂದು ರೂಪ. ಅದರಲ್ಲಿ ‘ಪ್ರೀತಿಸು’ ಎಂಬ ಕ್ರಿಯೆಗೆ ರ-ಹ-ಮ ಉಳಿದಿದೆ. ಆದರೆ ‘ರಹ್ಮೇ’ ಎಂಬ ನಾಮಪದದ ಅರ್ಥ ಕರುಣೆ. ಪ್ರೀತಿಗೆ ‘ಹುಬ್ಬಾ’. ಈ ಎರಡೂ ಧಾತುಗಳ ಅರಬ್ಬಿ ನೆಂಟರು ನಮ್ಮ ಕಿವಿಗೆ ಹೊಸಬರೇನಲ್ಲ: ಒಂದು ಕಡೆ ರಹೀಮ್, ಇನ್ನೊಂದು ಕಡೆ ಮೊಹಬ್ಬತ್.

‘ಹುಬ್ಬಾ’ದ ಕೊನೆಯ ‘ಆ’ಕಾರಕ್ಕೂ ಒಂದು ಇತಿಹಾಸವಿದೆ. ಹಳೆಯ ಅರಾಮಿಕ್‌ನಲ್ಲಿ ಅದು ‘ಇಂಥದ್ದೇ’ ಎಂದು ಗೊತ್ತುಪಡಿಸುವ ಪ್ರತ್ಯಯ. ‘ಮಲ್ಕಾ’ ಎಂದರೆ ಯಾರೋ ಒಬ್ಬ ರಾಜನಲ್ಲ, ಆ ರಾಜ. ಸಿರಿಯಾಕ್‌ಗೆ ಬರುವಷ್ಟರಲ್ಲಿ ಆ ಕಸುವು ಸವೆದು, ‘ಆ’ಕಾರ ಸೇರಿದ್ದೇ ನಾಮಪದದ ಸಾಮಾನ್ಯ ರೂಪವಾಯಿತು. ಎರಡು ಕಾಲದ ರೂಪಗಳನ್ನು ಬೆರೆಸಿ ವಾಕ್ಯ ಕಟ್ಟುವುದು ಹಳಗನ್ನಡಕ್ಕೆ ಹೊಸಗನ್ನಡದ ವಿಭಕ್ತಿ ಅಂಟಿಸಿದಂತೆ.

ಇನ್ನು ಲಿಪಿ. 22 ಅಕ್ಷರ, ಎಲ್ಲವೂ ವ್ಯಂಜನ; ಸ್ವರಗಳನ್ನು ಬಹುಪಾಲು ಓದುವವರೇ ತುಂಬಿಕೊಳ್ಳಬೇಕು. ಕಾಗುಣಿತದಲ್ಲಿ ಬೆಳೆದ ನಮಗೆ ಇದು ಇರಿಸುಮುರಿಸು. ಬರಿಯ ರ-ಹ-ಮ ಬರೆಸಿಕೊಂಡರೆ ಅದನ್ನು ‘ಪ್ರೀತಿಸಿದನು’ ಎಂದೂ ಓದಬಹುದು. ಹಾಗಾಗಿ ನನ್ನ ಮತ ‘ಹುಬ್ಬಾ’ಕ್ಕೆ, ಅದೂ ಸಿರಿಯಾಕ್‌ನ ಹಳೆಯ ಲಿಪಿಯಾದ ಎಸ್ಟ್ರಾಂಗೆಲಾದಲ್ಲಿ: ಹೇತ್, ವಾವ್, ಬೇತ್, ಆಲಫ್. ಬರೆಯುವುದು ಬಲದಿಂದ ಎಡಕ್ಕೆ. ಕೆಲವು ಸಾಫ್ಟ್‌ವೇರ್‌ಗಳು ಈ ಸಾಲನ್ನು ತಿರುಗಿಸಿಬಿಡುತ್ತವೆ. ಸೂಜಿ ಚುಚ್ಚಿಸಿಕೊಳ್ಳುವ ಮೊದಲು ಹೇತ್ ಬಲತುದಿಯಲ್ಲಿದೆಯೇ ಎಂದು ನೋಡಿಕೊಳ್ಳಿ.